‘ಅಪರೂಪದ್ದು’ ಅಂತ ಬರೆಯಬೇಡಿ: ದೊಡ್ಡಪ್ಪನ ಬಿಸ್ಕತ್ ಡಬ್ಬಿಯಿಂದ ಹರಾಜಿನ ಕ್ಯಾಟಲಾಗ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಇವತ್ತು ಒಂದು ಬಿಸ್ಕತ್ ಡಬ್ಬಿ ಕತೆ ಹೇಳ್ತೀನಿ.

ಹೋದ ಮಳೆಗಾಲದಲ್ಲಿ ತಿಪಟೂರಿಂದ ನಮ್ಮ ದೊಡ್ಡಪ್ಪ ಫೋನ್ ಮಾಡಿದ್ರು. ದನಿಯಲ್ಲಿ ಒಂಥರಾ ಗುಟ್ಟು. ‘ಮಗಾ, ಈ ಜಿಎಸ್‌ಟಿ ಅನ್ನೋದನ್ನ ವ್ಯಾಪಾರಕ್ಕೆ ಮುಂಚೇನೇ ಕಟ್ಟಬೇಕಾಗುತ್ತೇನೋ?’ ಅಂದ್ರು. ಯಾವ ವ್ಯಾಪಾರ ದೊಡ್ಡಪ್ಪ ಅಂತ ಕೇಳಿದೆ. ನಿಧಾನಕ್ಕೆ ವಿಷಯ ಹೊರಗೆ ಬಂತು. ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು. ಹಳೇ ನಾಣ್ಯ ಇದ್ರೆ ಫೋಟೋ ಕಳಿಸಿ, ಲಕ್ಷ ಲಕ್ಷ ಕೊಡ್ತೀವಿ ಅಂತ. ದೊಡ್ಡಪ್ಪ ಕಳಿಸಿದ್ದಾರೆ. ಆ ಕಡೆಯೋನು ಹತ್ತೇ ನಿಮಿಷದಲ್ಲಿ ‘35 ಲಕ್ಷ’ ಅಂದಿದ್ದಾನೆ. ‘ನೋಂದಣಿ ಶುಲ್ಕ’ ಅಂತ 2,150 ರೂಪಾಯಿ ಆಗಲೇ ಹೋಗಿತ್ತು. ಈಗ ‘ಮುಂಗಡ ಜಿಎಸ್‌ಟಿ’ ಅಂತ 18,500 ಕೇಳ್ತಿದ್ದ. ಜೊತೆಗೆ ರಿಸರ್ವ್ ಬ್ಯಾಂಕ್ ಲಾಂಛನ ಇರೋ ಒಂದು ಗುರುತಿನ ಚೀಟಿ ಬೇರೆ.

ದೊಡ್ಡಪ್ಪ ದಡ್ಡರಲ್ಲ. ಕೊಬ್ಬರಿ ಮಾರುಕಟ್ಟೆಯಲ್ಲಿ ಒಂದು ರೂಪಾಯಿ ಆಚೀಚೆ ಆದ್ರೂ ಹಿಡೀತಾರೆ. ಆದ್ರೆ ದೊಡ್ಡಮ್ಮನ ಮಂಡಿ ಆಪರೇಷನ್‌ಗೆ ದುಡ್ಡು ಹೊಂದಿಸ್ತಿದ್ರು. ಅಂಥ ಹೊತ್ತಲ್ಲಿ 35 ಲಕ್ಷ ಅನ್ನೋ ಮಾತು ಕಿವಿಗೆ ಬಿದ್ರೆ ಯಾರಿಗಾದ್ರೂ ಮನಸ್ಸು ಓಡತ್ತೆ.

ಇದನ್ನ ಮೊದಲೇ ಹೇಳ್ಬಿಡ್ತೀನಿ. 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಹಳೇ ನಾಣ್ಯ, ನೋಟಿನ ವ್ಯಾಪಾರಕ್ಕೂ ನಮಗೂ ಸಂಬಂಧ ಇಲ್ಲ, ಅದಕ್ಕೆ ನಾವು ಶುಲ್ಕ ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋ ಅಧಿಕಾರ ಯಾರಿಗೂ ಕೊಟ್ಟಿಲ್ಲ. ಮಾರೋನ ಹತ್ರ ಮೊದಲು ದುಡ್ಡು ಕೇಳಿದ ಅಂದ್ರೆ ಅಲ್ಲಿಗೆ ಫೋನ್ ಇಟ್ಬಿಡಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ನಾವೂ ಮಾಡಿದ್ವಿ.

ಸರಿ, 18,500 ಉಳೀತು. ಆದ್ರೆ ದೊಡ್ಡಪ್ಪನ ಪ್ರಶ್ನೆ ಹಾಗೇ ಇತ್ತು. ‘ಅವನು ಕಳ್ಳ, ಒಪ್ಕೊಂಡೆ. ಹಂಗಾರೆ ಈ ನಾಣ್ಯಕ್ಕೆ ನಿಜವಾಗ್ಲೂ ಎಷ್ಟು ಬರುತ್ತೆ?’

ನ್ಯಾಯವಾದ ಪ್ರಶ್ನೆ. ಡಬ್ಬಿ ತಗೊಂಡು ಬೆಂಗಳೂರಿಗೆ ಬಂದೆ. ಇಲ್ಲಿ ನಾಣ್ಯ ಹರಾಜಿಗೆ ಕ್ಯಾಟಲಾಗ್ ಬರೆಯೋ ಒಬ್ರು ಹಿರಿಯರು ಪರಿಚಯ ಆದ್ರು. ಕ್ಯಾಟಲಾಗ್ ಅಂದ್ರೆ ಹರಾಜಿಗೆ ಮುಂಚೆ ಅಚ್ಚಾಗೋ ಪುಸ್ತಕ. ಒಂದೊಂದು ವಸ್ತುವಿಗೂ ಒಂದು ಲಾಟ್ ನಂಬರ್, ಫೋಟೋ, ಕೆಳಗೆ ನಾಲ್ಕೈದು ಸಾಲು ವಿವರಣೆ, ಅಂದಾಜು ಬೆಲೆ. ಅವರು ಡಬ್ಬಿ ಮುಚ್ಚಳಾನೂ ತೆಗೀಲಿಲ್ಲ. ‘ಮೊದಲು ನೀವೇ ಬರೆದು ಕೊಡಿ, ಏನೇನಿದೆ ಅಂತ’ ಅಂದ್ರು.

ನಾನು ಬರೆಯೋ ಕೆಲಸದಲ್ಲೇ ಇರೋನು. ಜೋರಾಗೇ ಬರೆದೆ. ‘ಇನ್ನೂರು ವರ್ಷ ಹಳೆಯ, ಅತ್ಯಂತ ಅಪರೂಪದ, ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿರುವ ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ. ಒಳ್ಳೆಯ ಸ್ಥಿತಿಯಲ್ಲಿದೆ. ನಮ್ಮ ಮುತ್ತಾತನ ಕಾಲದ್ದು.’

ಅವರು ಪೆನ್ಸಿಲ್ ತಗೊಂಡು ಒಂದೊಂದೇ ಮಾತು ಹೊಡೆದು ಹಾಕಿದ್ರು. ‘ಅತ್ಯಂತ ಅಪರೂಪ’ ಹೋಯ್ತು. ‘ಒಳ್ಳೆಯ ಸ್ಥಿತಿ’ ಹೋಯ್ತು. ‘ಇನ್ನೂರು ವರ್ಷ’ ಹೋಯ್ತು. ‘ಕಂಪನಿಯ ನಾಣ್ಯ’ ಹೋಯ್ತು. ಕೊನೆಗೆ ಉಳಿದಿದ್ದು ‘ಶ್ರೀರಾಮ ಪಟ್ಟಾಭಿಷೇಕದ ಚಿತ್ರ’ ಮಾತ್ರ. ‘ಕಣ್ಣಿಗೆ ಕಾಣೋದು ಅದೊಂದೇ’ ಅಂದ್ರು.

ಈಗ ಕೇಳಿ. ನಿಮ್ಮಲ್ಲಿ ಎಷ್ಟೋ ಜನರ ದೇವರ ಮನೇಲಿ ಇದು ಇರುತ್ತೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಆಂಜನೇಯ. ಇನ್ನೊಂದು ಕಡೆ ಇಂಗ್ಲಿಷ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆಯೋ ಒಂದು ಆಣೆಯೋ, 1818 ಅಂತ ಇಸವಿ. ಕೆಲವದರ ಮೇಲೆ ಬರೀ ಹನುಮಂತ. ಕಂಪನಿ ಇಂಥ ನಾಣ್ಯವನ್ನ ಟಂಕಿಸಿಯೇ ಇಲ್ಲ. ಇವು ಪೂಜೆಗೆ, ನೆನಪಿಗೆ ಅಂತ ಆಮೇಲೆ ಮಾಡಿದ ಬಿಲ್ಲೆಗಳು. ಜಾತ್ರೆ ಅಂಗಡಿಯಲ್ಲಿ, ದೇವಸ್ಥಾನದ ಬೀದಿಯಲ್ಲಿ ಮಾರಾಟ ಆದವು. ಕಂಪನಿ ಹೆಸರು, ಇಸವಿ ಇರೋದು ಬರೀ ಅಲಂಕಾರಕ್ಕೆ. ಪೂಜೆಗೆ ಇಟ್ಕೊಳ್ಳಿ, ಏನೂ ತೊಂದರೆ ಇಲ್ಲ. ಕಂಪನಿ ನಾಣ್ಯ ಅಂತ ಬರೆದು ಮಾರಿದ್ರೆ ಅದು ಸುಳ್ಳು.

ಈ ಸುಳ್ಳಿಗೆ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಸಂಸಾರವೇ ಇದೆ. ‘ರೈಸ್ ಪುಲ್ಲಿಂಗ್’ ಸುದ್ದಿ ಓದಿರ್ತೀರಿ. ಇಂಥದೇ ಬಿಲ್ಲೆ ಅಥವಾ ತಾಮ್ರದ ಚೊಂಬು ತೋರಿಸಿ, ಇದಕ್ಕೆ ಸಿಡಿಲು ಬಡಿದಿದೆ, ಒಳಗೆ ಇರಿಡಿಯಂ ಇದೆ, ಅಕ್ಕಿ ಎಳ್ಕೊಳ್ಳುತ್ತೆ, ವಿದೇಶದ ವಿಜ್ಞಾನಿಗಳು ಕೋಟಿ ಕೊಡ್ತಾರೆ ಅಂತಾರೆ. ‘ಪರೀಕ್ಷೆ ಖರ್ಚು’ ಅಂತ ಲಕ್ಷಗಟ್ಟಲೆ ಕೀಳ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಬೆರೆಸಿ, ಅಡಿಗೆ ಅಯಸ್ಕಾಂತ ಇಟ್ರೆ ಯಾವ ಚೊಂಬು ಬೇಕಾದ್ರೂ ಅಕ್ಕಿ ಎಳೆಯುತ್ತೆ. ಜಮೀನು ಮಾರಿ ಕೊಟ್ಟು ಕೂತವರಿದ್ದಾರೆ. ಸುಳ್ಳು ವಿವರಣೆ ಅಂದ್ರೆ ಎಲ್ಲೋ ದೊಡ್ಡೋರ ಹರಾಜಿನ ವಿಷಯ ಅಂದ್ಕೋಬೇಡಿ ಅಂತ ಇದನ್ನ ಹೇಳಿದೆ.

ಡಬ್ಬಿಗೆ ವಾಪಸ್ ಬರೋಣ. ಒಳಗೆ ಬೇರೆ ನಾಣ್ಯಗಳೂ ಇದ್ವು. ವಿಕ್ಟೋರಿಯಾ ತಲೆ ಇರೋ ಬೆಳ್ಳಿ ರೂಪಾಯಿ, 1840 ಅಂತ ಇಸವಿ. ನನಗೆ ಮತ್ತೆ ಆಸೆ ಚಿಗುರಿತು. ಹಿರಿಯರು ಅದನ್ನ ಸಣ್ಣ ತಕ್ಕಡಿ ಮೇಲಿಟ್ರು. 11.4 ಗ್ರಾಂ. ‘ಹುಟ್ಟಿದಾಗ 11.66 ಇತ್ತು, ಸರಿಯಾಗಿ ಒಂದು ತೊಲ. ಓಡಾಡಿ ಸವೆದಿದೆ’ ಅಂದ್ರು. ಸರಿ, 1840ರದ್ದಲ್ವಾ ಅಂದೆ. ಅದಕ್ಕೆ ಅವರು ಹೇಳಿದ್ದು ನನಗೆ ಹೊಸ ವಿಷಯ. ಆ ಕಾಲದಲ್ಲಿ ಟಂಕಸಾಲೆಯವರು ಪ್ರತಿ ವರ್ಷ ಇಸವಿ ಬದಲಾಯಿಸ್ತಿರಲಿಲ್ಲ. 1840 ಅನ್ನೋ ಇಸವಿ ಇಟ್ಕೊಂಡೇ 1862ರವರೆಗೂ ರೂಪಾಯಿ ಹೊಡೆದ್ರು. ಆಮೇಲೆ 1862 ಅಂತ ಹಾಕಿದವರು ಅದನ್ನೇ 1874ರವರೆಗೂ ಎಳೆದ್ರು. ಆದ್ರಿಂದ ವಿವರಣೆಯಲ್ಲಿ ‘1840ರಲ್ಲಿ ಮಾಡಿದ್ದು’ ಅಂತ ಬರೆಯೋ ಹಾಗಿಲ್ಲ. ‘1840 ಇಸವಿ ಇರುವ’ ಅಂತ ಬರೀಬೇಕು. ಎರಡಕ್ಕೂ ವ್ಯತ್ಯಾಸ ನೋಡಿ. ಮೊದಲನೇದು ಊಹೆ. ಎರಡನೇದು ಯಾರು ಬೇಕಾದ್ರೂ ಭೂತಗನ್ನಡಿ ಹಿಡಿದು ನೋಡಬಹುದಾದದ್ದು.

ಹಳೇದು ಅಂದ್ರೆ ದುಬಾರಿ ಅನ್ನೋದೂ ತಪ್ಪು. 1840ರ ಇಸವಿಯವು ರಾಶಿ ಸಿಗ್ತವೆ. ಅದಕ್ಕಿಂತ ನೂರು ವರ್ಷ ಚಿಕ್ಕದು, ಆರನೇ ಜಾರ್ಜ್ ತಲೆ ಇರೋ 1939ರ ರೂಪಾಯಿ ಸಿಗೋದೇ ಕಷ್ಟ. ಅದಕ್ಕೇ ಅದರ ನಕಲಿಗಳೂ ಇವೆ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳೀತು, ಆದ್ರಿಂದ ತೂಕದ ಲೆಕ್ಕದಲ್ಲೂ ಎಲ್ಲವೂ ಒಂದೇ ಅಲ್ಲ. ಇನ್ನು 1943ರ ಆಸುಪಾಸಿನ ತೂತು ಕಾಸು. ಆನ್‌ಲೈನ್‌ನಲ್ಲಿ ‘ವಿಶ್ವದಲ್ಲೇ ಅಪರೂಪ’ ಅಂತ ಹಾಕಿರ್ತಾರೆ. ನಮ್ಮಜ್ಜಿ ಹಳೇ ಮೊರಕ್ಕೆ ಅದನ್ನ ಗೆಜ್ಜೆ ಥರ ಕಟ್ಟಿದ್ರು.

ಒಂದು ಮಜಾ ವಿಷಯ, ದಾರಿ ತಪ್ಪಿದ್ರೂ ಹೇಳ್ಲೇಬೇಕು. 1911ರಲ್ಲಿ ಐದನೇ ಜಾರ್ಜ್ ರೂಪಾಯಿ ಬಂತು. ದೊರೆಯ ನಿಲುವಂಗಿ ಮೇಲೆ ಒಂದು ಪುಟ್ಟ ಆನೆ. ಸೊಂಡಿಲು ಗಿಡ್ಡ ಆಗಿ ಅದು ಜನರಿಗೆ ಹಂದಿ ಥರ ಕಾಣ್ತು. ಗಲಾಟೆ ಆಯ್ತು. ನಾಣ್ಯ ವಾಪಸ್ ತಗೊಂಡು, ಮುಂದಿನ ವರ್ಷ ಆನೆಗೆ ಸರಿಯಾದ ಸೊಂಡಿಲು ಕೊಟ್ರು. ಇವತ್ತಿಗೂ ಕ್ಯಾಟಲಾಗ್‌ಗಳಲ್ಲಿ ಅದು ‘ಪಿಗ್ ರುಪೀ’. ಅಕ್ಕಿಕಾಳಿನಷ್ಟೂ ಇಲ್ಲದ ಸೊಂಡಿಲು ಸರಿಯಾಗಿ ನೋಡಿ ಬರೀದೇ ಇದ್ರೆ ವಿವರಣೆ ಕೆಟ್ಟಿತು ಅಂತ ಅರ್ಥ.

ಹಿರಿಯರು ಇಷ್ಟು ಹೊತ್ತೂ ಶಾಂತವಾಗೇ ಇದ್ರು. ಬೆಳ್ಳಿ ರೂಪಾಯಿ ಎಲ್ಲ ಮೇಜಿನ ಮೇಲೆ ಸುರಿದಾಗ ಮಾತ್ರ ಮುಖ ಹುಳ್ಳಗಾಯ್ತು. ‘ಯಾರು ತೊಳೆದಿದ್ದು?’

ದೊಡ್ಡಮ್ಮ. ನಾನು ಬೆಂಗಳೂರಿಗೆ ತರ್ತೀನಿ ಅಂತ ಗೊತ್ತಾದ ಕೂಡಲೇ ರಾತ್ರಿ ಹುಣಸೆಹಣ್ಣು ನೆನೆಹಾಕಿ, ಬೆಳಗ್ಗೆ ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿ ಕೊಟ್ಟಿದ್ರು. ಒಳ್ಳೇ ಬೆಲೆ ಬರ್ಲಿ ಅಂತ. ಸಂಗ್ರಹಕಾರರಿಗೆ ಬೇಕಾಗಿದ್ದಿದ್ದು ಆ ಕಪ್ಪೇ. ನೂರಾರು ವರ್ಷ ಗಾಳಿಗೆ ಸಿಕ್ಕಿ ತಾನಾಗಿ ಕಟ್ಟಿದ ಪದರ ಅದು. ತಿಕ್ಕಿದ್ರೆ ಪದರದ ಜೊತೆ ಅಕ್ಷರದ ಅಂಚೂ ಹೋಗುತ್ತೆ, ಭೂತಗನ್ನಡಿಯಲ್ಲಿ ಗೀರು ಕಾಣುತ್ತೆ. ಹಿರಿಯರು ವಿವರಣೆಯಲ್ಲಿ ಬರೆದೇಬಿಟ್ರು: ‘ತೊಳೆಯಲಾಗಿದೆ.’ ಬರೀದೇ ಇರಬಹುದಿತ್ತಲ್ವಾ ಸರ್ ಅಂದೆ, ಸ್ವಲ್ಪ ಮುಜುಗರದಲ್ಲೇ. ಅವರು ಹೇಳಿದ್ರು: ‘ಬಿಡ್ ಮಾಡೋನು ಕೊಲ್ಹಾಪುರದಲ್ಲೋ ಕೊಯಮತ್ತೂರಲ್ಲೋ ಫೋನ್ ನೋಡ್ತಾ ಕೂತಿರ್ತಾನೆ. ಅವನು ನಾಣ್ಯ ಮುಟ್ಟಲ್ಲ. ಅವನು ಮುಟ್ಟೋದು ನನ್ನ ಈ ನಾಲ್ಕು ಸಾಲು. ಒಂದು ಸಲ ಮುಚ್ಚಿಟ್ರೆ ಮುಂದಿನ ಹರಾಜಿಗೆ ಅವನು ಬರಲ್ಲ.’

ಆದ್ರೆ ಡಬ್ಬಿಯ ತಳದಲ್ಲಿ ದೊಡ್ಡಮ್ಮನ ಕೈಗೆ ಸಿಗದ ಒಂದು ತಾಮ್ರದ ಕಾಸು ಉಳಿದಿತ್ತು. ಕಂದು ಬಣ್ಣ, ಅಂಚು ಸೊಟ್ಟ. ಒಂದು ಮಗ್ಗುಲಲ್ಲಿ ಆನೆ. ಟಿಪ್ಪು ಸುಲ್ತಾನನ ಕಾಲದ ಪೈಸೆ. ನಾನು ಅದನ್ನ ಪಟ್ಟಿಯಲ್ಲಿ ಬರೆದೇ ಇರಲಿಲ್ಲ, ‘ಇತರೆ’ ಅಂತ ಹಾಕಿದ್ದೆ.

ಹಿರಿಯರು ಇದಕ್ಕೆ ಅರ್ಧ ಗಂಟೆ ತಗೊಂಡ್ರು. ಆನೆ ಎಡಕ್ಕೆ ಮುಖ ಮಾಡಿದೆಯಾ ಬಲಕ್ಕಾ, ಬಾಲ ಹೇಗಿದೆ, ಇಸವಿ ಎಲ್ಲಿದೆ, ಹಿಂದುಗಡೆ ಪಾರ್ಸಿ ಬರಹದಲ್ಲಿ ಟಂಕಸಾಲೆ ಹೆಸರು ಯಾವುದು. ಟಿಪ್ಪುವಿನ ನಾಣ್ಯ ಶ್ರೀರಂಗಪಟ್ಟಣದಲ್ಲಿ ಮಾತ್ರ ಅಲ್ಲ, ನಗರದಲ್ಲೂ, ಇನ್ನೂ ಹಲವು ಕಡೆ ಟಂಕಿಸಿದ್ರು. ನಗರ ಅಂದ್ರೆ ಹಳೇ ಬಿದನೂರು, ಹೊಸನಗರದ ಹತ್ರ ಇರೋದು. ಯಾವ ಟಂಕಸಾಲೆ ಅನ್ನೋದರ ಮೇಲೆ ಬೆಲೆ ಬದಲಾಗುತ್ತೆ. ಇಸವಿ ಇನ್ನೊಂದು ತಮಾಷೆ. ಟಿಪ್ಪು 1780ರ ದಶಕದ ಕೊನೆಗೆ ಹಿಜರಿ ಬಿಟ್ಟು ತನ್ನದೇ ಮೌಲೂದಿ ಶಕೆ ಶುರು ಮಾಡಿದ. ಆ ಇಸವಿಯ ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದೆ ಎಡದಿಂದ ಓದಿದ್ರೆ ಅರ್ಥವೇ ಇಲ್ಲದ ಇಸವಿ ಬರುತ್ತೆ. ಆನ್‌ಲೈನ್ ಮಾರಾಟದ ಜಾಹೀರಾತುಗಳಲ್ಲಿ ಆ ಉಲ್ಟಾ ಇಸವಿ ಹಾಕಿದ್ದನ್ನ ಆಮೇಲೆ ನಾನೇ ನೋಡಿದೆ.

ಟಿಪ್ಪು ಅಂದ ಕೂಡಲೇ ಎಲ್ಲರಿಗೂ ಲಂಡನ್ ಹರಾಜು ನೆನಪಾಗುತ್ತೆ. 2023ರ ಮೇ 23ರಂದು ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಒಂದು ಖಡ್ಗ 1.4 ಕೋಟಿ ಪೌಂಡ್‌ಗೆ ಹೋಯ್ತು. ಅಂದಾಜು ಇದ್ದಿದ್ದು 15ರಿಂದ 20 ಲಕ್ಷ ಪೌಂಡ್. ಖಡ್ಗ ಚೆನ್ನಾಗೇ ಇದೆ, ಚಿನ್ನದ ಬರಹ ಇದೆ. ಆದ್ರೆ ಆ ಬೆಲೆ ಬರೀ ಉಕ್ಕಿಗೆ, ಚಿನ್ನಕ್ಕೆ ಬಂದಿದ್ದಲ್ಲ. ವಿವರಣೆಯಲ್ಲಿ ಇದ್ದಿದ್ದು ಏನು? ಇದು ಟಿಪ್ಪುವಿನ ಶಯನಗೃಹದ ಖಡ್ಗ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಮುತ್ತಿಗೆಯ ದಾಳಿ ನಡೆಸಿದ ಬೇರ್ಡ್ ಎಂಬ ಸೇನಾಧಿಕಾರಿಗೆ ಕೊಟ್ಟದ್ದು. ವಸ್ತು ಯಾರಿಂದ ಯಾರ ಕೈಗೆ ಬಂತು ಅನ್ನೋ ಈ ಸರಪಳಿಗೆ ಹರಾಜಿನ ಭಾಷೆಯಲ್ಲಿ ಪ್ರಾವೆನನ್ಸ್ ಅಂತಾರೆ. ನಮ್ಮಲ್ಲಿ ಜಮೀನಿಗೆ ಮೂಲಪತ್ರ ನೋಡ್ತೀವಲ್ಲ, ಹಾಗೆ.

ನನಗೆ ಅದರಲ್ಲಿ ಚುಚ್ಚಿದ್ದು ‘ಕೊಟ್ಟದ್ದು’ ಅನ್ನೋ ಮಾತು. ಕೊಟ್ಟವರು ಯಾರು? ಗೆದ್ದ ಸೈನ್ಯ. ಯಾರ ವಸ್ತು? ಸತ್ತು ಬಿದ್ದ ದೊರೆಯದ್ದು. ಶ್ರೀರಂಗಪಟ್ಟಣದ ಲೂಟಿಯನ್ನ ಲೆಕ್ಕ ಹಾಕಿ ಹಂಚೋಕೆ ಅಂತಲೇ ಅಧಿಕಾರಿಗಳಿದ್ರು. ಟಿಪ್ಪುವಿನ ಸಿಂಹಾಸನವನ್ನ ತುಂಡು ತುಂಡು ಮಾಡಿದ್ದೂ ಅವರೇ. ಅದರ ಚಿನ್ನದ ಹುಲಿತಲೆಗಳು ಇವತ್ತಿಗೂ ಒಂದೊಂದಾಗಿ ಹೊರಗೆ ಬರ್ತವೆ. ಅಂಥದೊಂದಕ್ಕೆ 2021ರಲ್ಲಿ ಬ್ರಿಟನ್ ಸರ್ಕಾರ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ನಮ್ಮ ದೇಶ ಬಿಟ್ಟು ಹೋಗಬಾರದು ಅಂತ ರಫ್ತಿಗೆ ತಾತ್ಕಾಲಿಕ ತಡೆ ಹಾಕ್ತು. ‘ನಮ್ಮ ದೇಶ’ ಅಂದ್ರೆ ಬ್ರಿಟನ್! ಕೇಳಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ವಿವರಣೆಯ ಒಂದೊಂದು ಮಾತೂ ನಿಜ ಇದ್ದು, ಒಟ್ಟು ಕತೆ ಅರ್ಧ ಮುಚ್ಚಿಹೋಗಬಹುದು.

2025ರಲ್ಲಿ ಇದಕ್ಕಿಂತ ಗಟ್ಟಿಯಾಗಿ ಜಗಳ ಆಯ್ತು. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಸ್ತೂಪದಲ್ಲಿ ಬುದ್ಧನ ಅಸ್ಥಿಯ ಜೊತೆ ಸಿಕ್ಕಿದ್ದ ರತ್ನಗಳನ್ನ ಸದಬೀಸ್‌ನವರು ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಹರಾಜಿಗೆ ಇಟ್ರು. ಭಾರತ ಸರ್ಕಾರ ನೋಟಿಸ್ ಕೊಡ್ತು. ಮಾರೋರಿಗೆ ಅವು ರತ್ನ. ಬೌದ್ಧರಿಗೆ ಅವು ಬುದ್ಧನ ಅವಶೇಷದ ಭಾಗ. ಹರಾಜು ನಿಂತು, ಜುಲೈನಲ್ಲಿ ಅವು ಭಾರತಕ್ಕೆ ವಾಪಸ್ ಬಂದ್ವು.

ಇನ್ನು ಚಿತ್ರಗಳ ವಿಷಯಕ್ಕೆ ಹೋದ್ರೆ ಪದಗಳ ಆಟ ಇನ್ನೂ ಸೂಕ್ಷ್ಮ. ಕ್ಯಾಟಲಾಗ್‌ನಲ್ಲಿ ಕಲಾವಿದನ ಹೆಸರು ಮಾತ್ರ ಇದ್ರೆ ಅವನದೇ ಕೃತಿ ಅಂತ ಅವರ ಅಭಿಪ್ರಾಯ. ‘ಅಟ್ರಿಬ್ಯೂಟೆಡ್ ಟು’ ಅಂದ್ರೆ ಬಹುಶಃ ಅವನದು. ‘ಸ್ಟುಡಿಯೋ ಆಫ್’ ಅಂದ್ರೆ ಅವನ ಕಾರ್ಯಾಗಾರದಲ್ಲಿ ಯಾರೋ ಮಾಡಿದ್ದು. ‘ಮ್ಯಾನರ್ ಆಫ್’ ಅಂದ್ರೆ ಆಮೇಲಿನ ಕಾಲದಲ್ಲಿ ಅವನ ಶೈಲಿಯಲ್ಲಿ ಬರೆದದ್ದು. ‘ಆಫ್ಟರ್’ ಅಂದ್ರೆ ನೋಡಿ ನಕಲು ಮಾಡಿದ್ದು. ‘ಸಾಲ್ವಟೋರ್ ಮುಂಡಿ’ ಅನ್ನೋ ಯೇಸುವಿನ ಚಿತ್ರ 1958ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಶಿಷ್ಯನ ಹೆಸರಲ್ಲಿ 45 ಪೌಂಡ್‌ಗೆ ಹೋಗಿತ್ತು. 2017ರಲ್ಲಿ ನ್ಯೂಯಾರ್ಕ್‌ನಲ್ಲಿ ಗುರುವಿನ ಹೆಸರಲ್ಲಿ 45 ಕೋಟಿ ಡಾಲರ್‌ಗೆ ಹೋಯ್ತು. ಮಧ್ಯೆ ಚಿತ್ರವನ್ನ ಶುಚಿ ಮಾಡಿ ದುರಸ್ತಿ ಮಾಡಿದ್ರು, ನಿಜ. ಆದ್ರೆ ಆ ಬೆಲೆ ತಂದಿದ್ದು ಹೆಸರು. ಅದು ಪೂರ್ತಿ ಅವನದೇನಾ ಅಂತ ಪಂಡಿತರು ಇನ್ನೂ ಕಿತ್ತಾಡ್ತಿದ್ದಾರೆ.

ನಮ್ಮ ಮನೆಗಳಲ್ಲಿ ಇದರ ತಮ್ಮ ಒಬ್ಬ ಇದ್ದಾನೆ: ‘ರವಿವರ್ಮನ ಚಿತ್ರ’. ಅಜ್ಜನ ಮನೆ ಪಡಸಾಲೆಯ ಲಕ್ಷ್ಮಿ, ಸರಸ್ವತಿ. ಅವು ಬಹುತೇಕ ಅಚ್ಚಿನ ಪಟಗಳು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ್ದೇ ಬಡವರ ಮನೆಗೂ ಚಿತ್ರ ತಲುಪೋ ಹಾಗೆ. ಹಳೇ ಅಚ್ಚಿಗೂ ಬೆಲೆ ಇದೆ, ಕಡಿಮೆ ಏನಲ್ಲ. ‘ರವಿವರ್ಮ ಮುದ್ರಣಾಲಯದ ಅಚ್ಚು’ ಅಂತ ಬರೆಯಿರಿ. ‘ರವಿವರ್ಮನ ಚಿತ್ರ’ ಅಂತ ಬರೆದ್ರೆ ಕೊಂಡೋನು ನಾಳೆ ನಿಮ್ಮ ಮನೆ ಬಾಗಿಲಿಗೆ ಬರ್ತಾನೆ.

ಕಾನೂನಿನ ಬಗ್ಗೆ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಇದು ತಮಾಷೆ ಅಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಚಿತ್ರ ಎಲ್ಲ ಪುರಾವಸ್ತು. ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ದೇಶದೊಳಗೆ ಪರವಾನಗಿ ಇರೋರ ಮೂಲಕ ಮಾರಬಹುದು. ಹೊರಗೆ ಕಳಿಸೋ ಹಾಗಿಲ್ಲ. ಅಮೆರಿಕದಲ್ಲಿರೋ ಅಣ್ಣನಿಗೆ ಕೊರಿಯರ್ ಮಾಡಿ ಅಲ್ಲಿ ಮಾರಿಸೋಣ ಅಂದ್ಕೊಂಡ್ರೆ ಅದು ಅಪರಾಧ. ಹಳೇ ವಿಗ್ರಹ ಮನೇಲಿದ್ರೆ ಪುರಾತತ್ವ ಇಲಾಖೆಯಲ್ಲಿ ನೋಂದಣಿ ಬೇಕು. ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕಿದ್ದಕ್ಕೆ ನಿಧಿ ಕಾಯ್ದೆಯೇ ಇದೆ, ಜಿಲ್ಲಾಧಿಕಾರಿಗೆ ತಿಳಿಸ್ಲೇಬೇಕು. ಅದಕ್ಕೇ ಹಿರಿಯರು ನನ್ನ ಹತ್ರ ಎರಡು ಸಲ ಕೇಳಿದ್ರು, ‘ಈ ಆನೆ ಪೈಸೆ ಎಲ್ಲಿಂದ ಬಂತು?’ ಅಂತ.

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ದೊಡ್ಡಪ್ಪನಿಗೆ ಫೋನ್ ಹಚ್ಚಿದೆ. ದೊಡ್ಡಪ್ಪ ಯೋಚನೆ ಮಾಡಿ, ‘ನಮ್ಮಪ್ಪ ಅರಸೀಕೆರೆ ಸಂತೇಲಿ ಎಲೆ ಅಡಿಕೆ ಮಾರ್ತಿದ್ರಲ್ಲ. ಯಾರೋ ಚಿಲ್ಲರೆ ಜೊತೆ ಕೊಟ್ಟಿದ್ದಂತೆ. ಓಡಲ್ಲ ಅಂತ ಮನೆಗೆ ತಂದ್ರಂತೆ. ಅಷ್ಟೇ’ ಅಂದ್ರು. ಹಿರಿಯರು ಅದನ್ನ ಹಾಗೇ ಬರ್ಕೊಂಡ್ರು. ‘ರಾಜವಂಶದಿಂದ ಬಂದದ್ದು ಅಂತ ಹೇಳೋರ ಮಧ್ಯೆ ಇದು ಚೆನ್ನಾಗಿದೆ’ ಅಂತ ನಕ್ರು.

ಹರಾಜು ಆಯ್ತು. ಬೆಳ್ಳಿ ರೂಪಾಯಿ ಎಲ್ಲ ಸೇರಿ ಒಂದೇ ಲಾಟ್. ತಿಪಟೂರಿನ ಬೆಳ್ಳಿ ಅಂಗಡಿಯೋನು ಕರಗಿಸೋಕೆ ಕೊಡ್ತೀನಿ ಅಂದಿದ್ದಕ್ಕಿಂತ ಸ್ವಲ್ಪ ಜಾಸ್ತಿ ಬಂತು. ಆನೆ ಪೈಸೆಗೆ ಮೂರು ಜನ ಜಗಳ ಆಡಿದ್ರು, ಅಂದಾಜಿಗಿಂತ ಎರಡು ಪಟ್ಟಾಯ್ತು. ಎಲ್ಲ ಸೇರಿಸಿ, ಕಮಿಷನ್ ಕಳೆದು ಕೈಗೆ ಬಂದಿದ್ದು ಆಸ್ಪತ್ರೆಯಲ್ಲಿ ಎರಡು ದಿನದ ರೂಮ್ ಬಾಡಿಗೆಯಷ್ಟು. ಆಪರೇಷನ್‌ಗೆ ಕೊನೆಗೆ ಕೊಬ್ಬರಿ ದುಡ್ಡೇ ಆಗಿದ್ದು.

ಕ್ಯಾಟಲಾಗ್ ಪುಸ್ತಕ ಊರಿಗೆ ತಗೊಂಡು ಹೋಗಿ ಕೊಟ್ಟೆ. ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ತಮ್ಮ ಲಾಟ್ ಹುಡುಕಿ, ನನ್ನ ಕೈಲಿ ಕನ್ನಡ ಮಾಡಿಸ್ಕೊಂಡು ಜೋರಾಗಿ ಹೇಳಿದ್ರು: ‘1840 ಇಸವಿ ಇರುವ ಬೆಳ್ಳಿ ರೂಪಾಯಿ, ಸವೆದಿದೆ, ತೊಳೆಯಲಾಗಿದೆ.’ ಕಾಲು ಚಾಚ್ಕೊಂಡು ಕೂತಿದ್ದ ದೊಡ್ಡಮ್ಮ ತಲೆ ಎತ್ತಿದ್ರು. ‘ತೊಳೆದವರ ಹೆಸರೂ ಹಾಕಿಸ್ಬೇಕಿತ್ತು ಕಣೋ.’

ರಾಮದೇವರ ಬಿಲ್ಲೆ ಮತ್ತೆ ಪೂಜೆ ತಟ್ಟೆಗೆ ಹೋಗಿದೆ. ಮುಂದಿನ ವಾರ ಸಿಗೋಣ.